ಎಚ್‌ಸಿಜಿ ಪೆಪ್ಟೈಡ್‌ಗೂ ಕಂಟ್ರೋಲ್‌ಗೂ ವ್ಯತ್ಯಾಸವೇ ಇಲ್ಲ, ಯಾರಾದರೂ ನೋಡಿ

ಮಜ್ಜೆರಾಯ:
ಇಲಿಯ ಮೂಳೆಮಜ್ಜೆಯಿಂದ ಡೆಂಡ್ರಿಟಿಕ್ ಕೋಶ (ಒಂದು ಬಗೆಯ ರೋಗನಿರೋಧಕ ಕೋಶ) ಬೆಳೆಸುತ್ತಿದ್ದೇನೆ. ಅವು ಬೆಳೆಯಲು ಬೇಕಾದ ಜಿಎಂ-ಸಿಎಸ್‌ಎಫ್ ಪ್ರೋಟೀನ್ ಜೊತೆಗೇ, ಗರ್ಭಿಣಿಯರ ಹಾರ್ಮೋನ್ ಎಚ್‌ಸಿಜಿಯ ಪೆಪ್ಟೈಡ್ (ಚಿಕ್ಕ ತುಂಡು) ಹಾಕುತ್ತೇನೆ, ಕೋಶ ಬಲಿಯುವುದು ತಗ್ಗುತ್ತದಾ ನೋಡಲು. ಕೊನೆಗೆ, ಕೋಶ ಬಲಿತಾಗ ಏರುವ ಸಿಡಿ86 ನೋಡಿದರೆ ಹೋಲಿಕೆಗೆ ಇಟ್ಟ ಕಂಟ್ರೋಲ್ ವೆಲ್‌ನಲ್ಲೂ (ಪ್ಲೇಟ್‌ನ ಗುಳಿ) ಅಷ್ಟೇ. ತಲೆ ಕೆಟ್ಟು ಹೋಗಿದೆ. ಸೋಮವಾರ ಗೈಡ್ ಡೇಟಾ ಕೇಳುತ್ತಾರೆ. ಪೆಪ್ಟೈಡ್ ಹಾಳಾಗಿದೆಯಾ?

ಪಿಪೆಟ್‌ಪುಟ್ಟ:
ಎಂಡೋಟಾಕ್ಸಿನ್. ಕಣ್ಣು ಮುಚ್ಚಿ ಹೇಳ್ತೀನಿ. ಬ್ಯಾಕ್ಟೀರಿಯಾದ ಹೊರಪದರದ ವಿಷ, ಅದೇ ಎಲ್‌ಪಿಎಸ್, ಚೂರು ಬಿದ್ದರೂ ಕೋಶ ಬಲಿತುಬಿಡುತ್ತದೆ.

ಮಜ್ಜೆರಾಯ:
ಎಲ್‌ಪಿಎಸ್ ಕೊನೆಯ ದಿನ ನಾನೇ ಹಾಕುತ್ತೇನಲ್ಲ! ಅದಿಲ್ಲದೆ ಸಿಡಿ86 ಏರುವುದು ಹೇಗೆ?

ಪಿಪೆಟ್‌ಪುಟ್ಟ:
ಅದನ್ನು ಮೊದಲೇ ಹೇಳಬಾರದಾ? ಆದರೂ ಎಂಡೋಟಾಕ್ಸಿನ್ನೇ. ಮೊದಲೇ ಸ್ವಲ್ಪ ಬಿದ್ದಿದ್ದರೆ ಆಮೇಲೆ ಎಲ್‌ಪಿಎಸ್ ಕೊಟ್ಟಾಗ ಕೋಶ ಸರಿಯಾಗಿ ಸ್ಪಂದಿಸಲ್ಲ. ಕೋಶ ಬೆಳೆಸಲು ಹಾಕುವ ಸೀರಂ ಯಾವ ಬ್ಯಾಚ್?

ತುಂಗಾತೀರ:
ಸೀರಂ ಬಿಡಿ ಸ್ವಾಮಿ. ಎಚ್‌ಸಿಜಿ ಅಂದರೆ ಯಾವುದು? ಗರ್ಭಿಣಿಯರ ಮೂತ್ರದಿಂದ ತೆಗೆದ ಪುಡಿಯಾದರೆ ಅದರಲ್ಲಿ ಹಾರ್ಮೋನ್ ಒಂದೇ ಇರುವುದಿಲ್ಲ. ಬೇರೆ ಪ್ರೋಟೀನು, ತುಂಡುಗಳು ಎಲ್ಲ ಸೇರಿರುತ್ತವೆ.

ಮಜ್ಜೆರಾಯ:
ಸಿಂಥೆಟಿಕ್ಕೇ. ಎಲ್‌ಕ್ಯೂಜಿವಿ, ಎಚ್‌ಸಿಜಿಯ ಬೀಟಾ ಸರಪಳಿಯ 45ರಿಂದ 48ನೇ ಅಮೈನೋ ಆಮ್ಲ. ಎಲ್ಲರೂ ಬಳಸುವುದು ಅದೇ ಅಲ್ವಾ?

ಪಿಪೆಟ್‌ಪುಟ್ಟ:
ಸಿಂಥೆಟಿಕ್‌ನಲ್ಲೂ ಎಂಡೋಟಾಕ್ಸಿನ್ ಇರಬಹುದು. ಅದನ್ನು ಪತ್ತೆ ಮಾಡುವ ಎಲ್‌ಎಎಲ್ ಟೆಸ್ಟ್ ಮಾಡಿಸಿ.

ತುಂಗಾತೀರ:
ಕಂಟ್ರೋಲ್ ವೆಲ್‌ಗೆ ಏನು ಹಾಕಿದ್ದೀರಿ?

ಮಜ್ಜೆರಾಯ:
ಎಕ್ಯೂಜಿವಿ. ಲ್ಯೂಸಿನ್ ಜಾಗಕ್ಕೆ ಅಲನಿನ್. ಕೆಲಸ ನಿಲ್ಲಿಸಲು ಮಾಡುವ ಮಾಮೂಲಿ ಬದಲಾವಣೆ.

ತುಂಗಾತೀರ:
ಅಯ್ಯೋ ಮಾರಾಯ್ರೆ, ಅದು ಕಂಟ್ರೋಲ್ ಅಲ್ಲ! ಎಕ್ಯೂಜಿವಿಯೂ ಕೆಲಸ ಮಾಡುವ ಪೆಪ್ಟೈಡೇ. ಇಎ-230 ಅಂತ ಹೆಸರಿಟ್ಟು, ಉರಿಯೂತ ತಗ್ಗುತ್ತದಾ ನೋಡಲು ನೆದರ್ಲೆಂಡ್ಸ್‌ನಲ್ಲಿ ಹೃದಯದ ಆಪರೇಷನ್ ಆದವರಿಗೂ ಕೊಟ್ಟಿದ್ದಾರೆ. ಎರಡೂ ಕೆಲಸ ಮಾಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಪೆಪ್ಟೈಡ್ ಬದಲು ಬರೀ ಪಿಬಿಎಸ್ (ಉಪ್ಪಿನ ದ್ರಾವಣ) ಹಾಕಿದ ವೆಲ್ ಇದೆಯಾ?

ಮಜ್ಜೆರಾಯ:
ಇದೆ. ಅದರಲ್ಲಿ ಸಿಡಿ86 ಎರಡಕ್ಕಿಂತಲೂ ಜಾಸ್ತಿ. ಪ್ಲಾಟ್‌ಗೆ ಸೇರಿಸಿರಲಿಲ್ಲ.

ತುಂಗಾತೀರ:
ಮತ್ತೆ ಇನ್ನೇನು, ಎರಡೂ ಸಿಡಿ86 ಇಳಿಸಿರಬೇಕು! ಅದೇ ನಾಲ್ಕು ಅಮೈನೋ ಆಮ್ಲಗಳನ್ನು ಹಿಂದೆಮುಂದೆ ಮಾಡಿದ ಪೆಪ್ಟೈಡ್ ಒಂದು ಕಂಟ್ರೋಲ್‌ಗೆ ತರಿಸಿ. ಸತ್ತ ಕೋಶದ ಲೆಕ್ಕವನ್ನೂ ನೋಡಿ. ಪೆಪ್ಟೈಡ್ ಸಿಂಥೆಸಿಸ್‌ಗೆ ಬಳಸುವ ಆಮ್ಲ ಟಿಎಫ್‌ಎ ಉಳಿದಿದ್ದರೆ ಕೋಶ ಸೊರಗಿಯೂ ಸಿಡಿ86 ಇಳಿಯಬಹುದು.

ಪಿಪೆಟ್‌ಪುಟ್ಟ:
ಎಲ್‌ಎಎಲ್ ಮಾತ್ರ ಬಿಡಬೇಡಿ.

ಲೇಸರ್‌ಪ್ರಿಯ:
ನಮ್ಮ ಲ್ಯಾಬ್‌ಗೆ ಐದು ಲೇಸರ್‌ನ ಸೈಟೋಮೀಟರ್ (ಬಣ್ಣ ಹಚ್ಚಿದ ಕೋಶಗಳನ್ನು ಒಂದೊಂದಾಗಿ ಅಳೆಯುವ ಮೆಷಿನ್) ಬಂದಿದೆ. ಸಿಡಿ86, ಡೆಂಡ್ರಿಟಿಕ್ ಕೋಶದ ಗುರುತಾದ ಸಿಡಿ11ಸಿ, ಸತ್ತ ಕೋಶದ ಬಣ್ಣ, ಎಲ್ಲ ಒಂದೇ ಟ್ಯೂಬ್‌ನಲ್ಲಿ!

ತುಂಗಾತೀರ:
ಮೂರು ಬಣ್ಣಕ್ಕೆ ಐದು ಲೇಸರ್ ಯಾಕೆ ಗುರು? ನಮ್ಮ ಹಳೇ ಎರಡು ಲೇಸರ್ ಮೆಷಿನ್ನೇ ಸಾಕು.

ಲೇಸರ್‌ಪ್ರಿಯ:
ಹೊಟ್ಟೆಕಿಚ್ಚು :) ಮೊನ್ನೆ 18 ಬಣ್ಣದ ಪ್ಯಾನೆಲ್ ಓಡಿಸಿದೆ, ಫೋಟೋ ಹಾಕಲಾ?