ಕೇಕನ್ನು ಬೇಯಿಸುವುದೋ, ಸುಡುವುದೋ? ಜೊತೆಗೆ ಕುಂಬಳದ ಒಂದು ಪ್ರಶ್ನೆ

ಬಳಗದ ಎಲ್ಲರಿಗೂ ಕಲಬುರಗಿಯಿಂದ ನಮಸ್ಕಾರ.

ಒಲೆಯ ಮೇಲಲ್ಲ, ನೀರಿನಲ್ಲಲ್ಲ, ಎಣ್ಣೆಯಲ್ಲೂ ಅಲ್ಲ. ಮುಚ್ಚಿದ ಪೆಟ್ಟಿಗೆಯೊಳಗಿನ ಒಣ ಶಾಖದಲ್ಲಿ ಹಿಟ್ಟು ಉಬ್ಬಿ ಕೇಕಾಗುತ್ತದಲ್ಲ, ಆ ಕೆಲಸಕ್ಕೆ ಕನ್ನಡದ ಕ್ರಿಯಾಪದ ಯಾವುದು? ‘ಬೇಕ್ ಮಾಡಿ’ ಎಂದು ಬರೆದು ಕೈತೊಳೆದುಕೊಳ್ಳಬಹುದು, ಬಹಳ ಮಂದಿ ಹಾಗೆಯೇ ಬರೆಯುತ್ತಾರೆ. ಆದರೆ ನನಗೆ ಈ ಕೆಲಸ ಒಪ್ಪಿಸಿದವರು ಅಷ್ಟಕ್ಕೆ ಬಿಡುವವರಲ್ಲ. ಅವರು ನಮ್ಮ ಓಣಿಯ ನಿವೃತ್ತ ಶಿಕ್ಷಕಿ. ಚಿಕ್ಕವರು, ದೊಡ್ಡವರು ಎಲ್ಲರೂ ಅವರನ್ನು ಕರೆಯುವುದು ‘ಅಕ್ಕೋರೇ’ ಎಂದು. ಅವರ ಚರ್ಚಿನ ಮಹಿಳೆಯರು ಈ ಕ್ರಿಸ್‌ಮಸ್‌ಗೆ ಅಡುಗೆಯ ಕಿರುಪುಸ್ತಿಕೆಯೊಂದನ್ನು ಅಚ್ಚು ಹಾಕಿಸುತ್ತಿದ್ದಾರೆ. ಅದಕ್ಕೆಂದು ಅಮೆರಿಕದಿಂದ ಅವರ ಮಗಳು ಕಳಿಸಿದ ಪಂಪ್ಕಿನ್ ಬ್ರೆಡ್ (ಹೆಸರಿಗೆ ಬ್ರೆಡ್, ನಿಜಕ್ಕೆ ಕುಂಬಳದ ಕೇಕ್) ಮತ್ತು ಪಂಪ್ಕಿನ್ ಪೈ (ಹಿಟ್ಟಿನ ಬಟ್ಟಲಿನಲ್ಲಿ ಕುಂಬಳ ತುಂಬಿದ ಸಿಹಿತಿಂಡಿ) ಮಾಡುವ ವಿಧಾನಗಳನ್ನು ನಾನು ಕನ್ನಡದಲ್ಲಿ ಬರೆದುಕೊಡಬೇಕಾಗಿದೆ. ಪುಸ್ತಿಕೆ ಓದಿ ಅಡುಗೆಗೆ ಇಳಿಯುವವರು ಇಲ್ಲಿನ ಗೃಹಿಣಿಯರು. ಪದ ತಪ್ಪಿದರೆ ಕೇಕೇ ತಪ್ಪುತ್ತದೆ.

ಮೊದಲು ಕಾಯಿಯ ವಿಷಯ. ನಮ್ಮ ಮಾರುಕಟ್ಟೆಯಲ್ಲಿ ಸುಮ್ಮನೆ ಕುಂಬಳಕಾಯಿ ಕೇಳಿದರೆ ಕೇಸರಿ ತಿರುಳಿನದನ್ನೇ ಸೀಳಿ ತೂಗಿ ಕೊಡುತ್ತಾರೆ. ಆಯುಧಪೂಜೆಯ ಹಿಂದಿನ ದಿನ ಅದೇ ಮಾತು ಹೇಳಿದರೆ ಕೈಗೆ ಬರುವುದು ಬೂದುಗುಂಬಳ, ಏಕೆಂದರೆ ವಾಹನದ ಮುಂದೆ ಒಡೆಯುವುದು ಅದನ್ನು. ಸಂದರ್ಭವೇ ವಿಶೇಷಣದ ಕೆಲಸ ಮಾಡುತ್ತದೆ. ಮೂಲದಲ್ಲಿ ಈ ಹೆಸರು ಬೂದುಗುಂಬಳದ್ದೇ ಎಂಬುದಕ್ಕೆ ನನಗೆ ಕಾಣುವ ಚೆಂದದ ಸಾಕ್ಷಿ ನಮ್ಮ ಗಾದೆ: ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹೆಗಲಿಗೆ ಅಂಟುವ ಬೂದಿ ಕೆಂಪು ಕುಂಬಳಕ್ಕೆ ಎಲ್ಲಿದೆ? ಇದೇ ಗಾದೆ ತೆಲುಗಿನಲ್ಲಿ ಗುಮ್ಮಡಿಕಾಯಿ ಕಳ್ಳನ ಹೆಸರಿನಲ್ಲಿ ಇದೆ. ಕೆಂಪು ಕುಂಬಳವಾದರೋ ಅಮೆರಿಕ ಖಂಡದ ಬೆಳೆ, 1492ರ ನಂತರವಷ್ಟೇ ಸಮುದ್ರ ದಾಟಿ ಬಂದದ್ದು. ಅದಕ್ಕೂ ಹಿಂದಿನ ಕನ್ನಡ ಬರಹದಲ್ಲಿ ಎಲ್ಲಿಯೇ ಕುಂಬಳ ಬಂದರೂ ಅದು ಈ ಕಾಯಿ ಆಗಿರಲಾರದು. ಹೊಸದಾಗಿ ಬಂದ ಕಾಯಿ ಹಳೆಯದರ ಹೆಸರನ್ನು ಹೊತ್ತುಕೊಂಡಿತು, ಹಳೆಯ ಕಾಯಿ ತನ್ನ ಹೆಸರಿಗೆ ‘ಬೂದು’ ಸೇರಿಸಿಕೊಂಡು ಪಕ್ಕಕ್ಕೆ ಸರಿಯಿತು.

ನೆರೆಯ ಭಾಷೆಗಳಿಂದ ಸಹಾಯ ಸಿಗುವುದೇ ಎಂದು ನೋಡಿದರೆ ಗೊಂದಲ ಹೆಚ್ಚುತ್ತದೆ. ಹಿಂದಿಯ ‘ಕದ್ದು’ ಎಂದರೆ ಕುಂಬಳ. ಆದರೆ ದಖನಿ ಮಾತನಾಡುವ ಮನೆಗಳಲ್ಲಿ, ಹೈದರಾಬಾದಿನಲ್ಲಿಯಂತೆ, ಕದ್ದು ಎಂದರೆ ಸೋರೆಕಾಯಿ. ಅಲ್ಲಿನ ಹೆಸರಾಂತ ‘ಕದ್ದು ಕೀ ಖೀರ್’ ಸೋರೆಯ ಪಾಯಸ. ಬೀದರ್ ಕಡೆ ಕಿವಿಗೆ ಬೀಳುವ ಮರಾಠಿಯ ‘ಭೋಪಳಾ’ ಕೂಡ ಅಷ್ಟೇ: ದುಧೀ ಭೋಪಳಾ ಸೋರೆ, ಲಾಲ್ ಭೋಪಳಾ ಕುಂಬಳ. ಕನ್ನಡದಲ್ಲಿಯೂ ಸೋರೆಗೆ ಹಾಲುಗುಂಬಳ ಎನ್ನುವವರು ಇದ್ದಾರೆ. ಕರಾವಳಿ, ಮಲೆನಾಡಿನವರ ‘ಚೀನಿಕಾಯಿ’ ಯಾವ ಗೊಂದಲಕ್ಕೂ ಎಡೆಕೊಡದ ಒಳ್ಳೆಯ ಪದ, ಆದರೆ ಇಲ್ಲಿ ಅದನ್ನು ಹೇಳಿದರೆ ಚೀನಾದ ಸಾಮಾನು ಎಂದುಕೊಂಡಾರು. ‘ಸಿಹಿಗುಂಬಳ’ ಪತ್ರಿಕೆಗಳ ಅಡುಗೆ ಅಂಕಣದ ಪದ. ಸಂತೆಯಲ್ಲಿ ಕೇಳುವುದು ಅಪರೂಪ, ಆದರೂ ಓದಿದವರಿಗೆ ಅರ್ಥವಾಗುತ್ತದೆ. ಸದ್ಯಕ್ಕೆ ‘ಕೆಂಪು ಕುಂಬಳಕಾಯಿ’ ಎಂದು ಬರೆದಿದ್ದೇನೆ.

ಹೆಸರಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎನ್ನಬೇಡಿ. ಬೂದುಗುಂಬಳದಲ್ಲಿ ಬಹುಪಾಲು ನೀರೇ; ಅದನ್ನು ಹಾಕಿದರೆ ಬ್ರೆಡ್ಡಿನ ನಡುಭಾಗ ಹಸಿಯಾಗಿಯೇ ಉಳಿಯುತ್ತದೆ. ಅಮೆರಿಕದವರು ಡಬ್ಬಿಯಲ್ಲಿ ಕೊಳ್ಳುವ ಪಂಪ್ಕಿನ್ ತಿರುಳು ಹೆಚ್ಚಾಗಿ ಡಿಕಿನ್ಸನ್ ಎಂಬ ತಳಿಯದು. ಚಿತ್ರಗಳಲ್ಲಿ ಕಾಣುವ, ಕಣ್ಣು ಬಾಯಿ ಕೊರೆದ ಉರುಟು ಕಿತ್ತಳೆ ಕಾಯಿ ಅದಲ್ಲ. ಡಿಕಿನ್ಸನ್ ಕಾಯಿ ಕುಕುರ್ಬಿಟಾ ಮೊಸ್ಕಾಟಾ ಎಂಬ ಜಾತಿಗೆ ಸೇರಿದ್ದು. ನಮ್ಮ ಸಂತೆಗೆ ಬರುವ ಕೆಂಪು ಕುಂಬಳವೂ ಬಹುತೇಕ ಅದೇ ಜಾತಿ. ಹಾಗಾಗಿ ಈ ಹೊಲದ ಕಾಯಿ ಆ ಪಾಕಕ್ಕೆ ಬದಲಿ ಪದಾರ್ಥವಲ್ಲ, ಅಸಲಿಯೇ. ಮನೆಯಲ್ಲಿ ಬೇಯಿಸಿದ ತಿರುಳಿನಲ್ಲಿ ಮಾತ್ರ ನೀರು ಹೆಚ್ಚು. ‘ಶ್ರೀಖಂಡದ ಚಕ್ಕಾ ಕಟ್ಟುವಂತೆ ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿ’ ಎಂದು ಬರೆದೆ, ಅಕ್ಕೋರು ತಕರಾರಿಲ್ಲದೆ ಒಪ್ಪಿದ ವಾಕ್ಯ ಇದೊಂದೇ.

ಇನ್ನು ಕ್ರಿಯಾಪದ. ಅಡುಗೆ ಅಂಕಣಗಳು ‘ಬೇಯಿಸಿ’ ಎನ್ನುತ್ತವೆ. ‘ಬೇಯು’ ವಿಶಾಲವಾದ ಪದ: ಬೇಳೆ ಬೇಯುತ್ತದೆ, ತವೆಯ ಮೇಲಿನ ರೊಟ್ಟಿ ಬೇಯುತ್ತದೆ, ಮೇ ತಿಂಗಳಲ್ಲಿ ಕಲಬುರಗಿಯ ನಾವೂ ಬೇಯುತ್ತೇವೆ. ಆದರೆ ‘ಬೇಯಿಸು’ ಎಂದ ಕೂಡಲೇ ಕಣ್ಣ ಮುಂದೆ ಬರುವುದು ನೀರು, ಪಾತ್ರೆ, ಕುಕ್ಕರಿನ ಸೀಟಿ. ಈ ಪಾಕದಲ್ಲಂತೂ ಅದು ನಿಜವಾದ ತೊಡಕು. ‘ಕುಂಬಳವನ್ನು ಬೇಯಿಸಿ ಕಿವುಚಿ’ ಎಂದು ಒಂದು ಸಾಲು, ‘ಮಿಶ್ರಣವನ್ನು 180 ಡಿಗ್ರಿಯಲ್ಲಿ ಒಂದು ಗಂಟೆ ಬೇಯಿಸಿ’ ಎಂದು ನಾಲ್ಕು ಸಾಲಿನ ನಂತರ. ಎರಡನೆಯದನ್ನೂ ಇಡ್ಲಿ ಪಾತ್ರೆಯಲ್ಲಿ ಇಟ್ಟವರನ್ನು ದೂರುವಂತಿಲ್ಲ.

ನನ್ನ ಮನಸ್ಸು ವಾಲಿರುವುದು ‘ಸುಡು’ ಕಡೆಗೆ. ನಮ್ಮಲ್ಲಿ ಜೋಳದ ರೊಟ್ಟಿ ಬಡಿಯುತ್ತೇವೆ, ಸುಡುತ್ತೇವೆ. ಬದನೆಕಾಯಿ ಸುಡುತ್ತೇವೆ. ಕುಂಬಾರರು ಮಡಕೆ ಸುಡುತ್ತಾರೆ, ಇಟ್ಟಿಗೆಯನ್ನೂ ಸುಡುತ್ತಾರೆ. ಮುಚ್ಚಿದ ಗೂಡಿನ ಒಣ ಶಾಖ ಎಂಬ ಲಕ್ಷಣ ಅಲ್ಲಿ ಅಕ್ಷರಶಃ ಇದೆ. ಇದು ಹಾಳಾಗುವ ಮಾತಲ್ಲ, ಹದಕ್ಕೆ ಬರುವ ಮಾತು. ಹಾಳಾದದ್ದಕ್ಕೆ ಕನ್ನಡ ಬೇರೆ ಪದಗಳನ್ನೇ ಇಟ್ಟುಕೊಂಡಿದೆ: ಅನ್ನ ಹೊತ್ತುತ್ತದೆ, ಹಾಲು ಸೀಯುತ್ತದೆ, ರೊಟ್ಟಿ ಕರಕಲಾಗುತ್ತದೆ. ಇಷ್ಟು ನಿಚ್ಚಳ ವ್ಯವಸ್ಥೆ ಇರುವಾಗ ‘ಕೇಕ್ ಸುಡಿ’ ಎಂದರೆ ತಪ್ಪೇನು ಎಂದು ವಾದಿಸಿದೆ. ಅಕ್ಕೋರು ಕನ್ನಡಕ ತೆಗೆದು, “ಕ್ರಿಸ್‌ಮಸ್ ದಿನ ಕೇಕ್ ಸುಟ್ಟೆವು ಎಂದು ನೀವೇ ನಾಲ್ಕು ಮಂದಿಯ ಎದುರು ಹೇಳಿ ನೋಡಿ, ಮಾಸ್ತರರೇ” ಎಂದರು. ಸುಡುಗಾಡು ಎಂಬ ಪದವೂ ಇದೇ ಮನೆತನದ್ದು ಎಂಬುದನ್ನು ಮರೆಯುವುದು ಕಷ್ಟ, ನಿಜ.

ಭಟ್ಟಿ? ಬೇಕರಿಯ ಒಲೆಗೆ ಇಲ್ಲಿ ಎಲ್ಲರೂ ಹೇಳುವುದು ಭಟ್ಟಿ ಎಂದೇ. ‘ಭಟ್ಟಿಗೆ ಹಾಕಿ’ ಎಂದರೆ ಅರ್ಥ ಸ್ಪಷ್ಟ. ಆದರೆ ಸಾರಾಯಿ ಇಳಿಸುವುದೂ ಭಟ್ಟಿಯಲ್ಲೇ. ಪಾನನಿರೋಧವನ್ನು ಬೋಧಿಸಿಕೊಂಡು ಬಂದ ಮೆಥೋಡಿಸ್ಟ್ ಸಭೆಯ ಪುಸ್ತಿಕೆಗೆ ಆ ವಾಸನೆ ಬೇಡವಂತೆ. ಬಿರಿಯಾನಿಯ ‘ದಮ್’ ಸಹ ಹೊಂದುವುದಿಲ್ಲ. ಮೇಲೆ ಕೆಳಗೆ ಕೆಂಡ ಇಡುತ್ತಾರೆ ಎಂಬುದಷ್ಟೇ ಹೋಲಿಕೆ. ದಮ್ ಹಬೆಯನ್ನು ಒಳಗೇ ಹಿಡಿದಿಡುತ್ತದೆ, ಬ್ರೆಡ್ಡಿನಿಂದ ಅದು ಹೊರಗೆ ಹೋಗಬೇಕು.

ಪೈ ಬಗ್ಗೆ ತಕರಾರಿಲ್ಲ. ಹಳಬರಿಗೆ ಪೈ ಎಂದರೆ ರೂಪಾಯಿಯ 192ನೆಯ ಒಂದು ಪಾಲು, ಇರಲಿ. ಹೊಸ ಪೈ ಕೂಡ ಪೈ ಎಂದೇ ಉಳಿಯಲಿ. ಅದರ ಅಂಗಗಳಿಗೆ ಮಾತ್ರ ಹೋಳಿಗೆಯ ಮನೆಯಲ್ಲಿಯೇ ಸಿದ್ಧ ಪದಗಳಿವೆ: ಹೊರಗಿನದು ಕಣಕ, ಒಳಗಿನದು ಹೂರಣ. ‘ಹೊರಪದರ’, ‘ಒಳತುಂಬು’ ಎಂದೆಲ್ಲ ಹೊಸದಾಗಿ ಟಂಕಿಸುವವರು ಹೋಳಿಗೆ ತಿಂದಿಲ್ಲವೇ ಎಂದು ನನಗೆ ಅನುಮಾನ. ‘ಪಂಪ್ಕಿನ್ ಸ್ಪೈಸ್’ ಇನ್ನೊಂದು ತಮಾಷೆ. ಅದರಲ್ಲಿ ಕುಂಬಳ ಎಳ್ಳಷ್ಟೂ ಇಲ್ಲ. ದಾಲ್ಚಿನ್ನಿ, ಶುಂಠಿ, ಜಾಯಿಕಾಯಿ, ಲವಂಗಗಳ ಪುಡಿ. ‘ಕುಂಬಳದ ಮಸಾಲೆ’ ಎಂದರೆ ಒಣಗಿಸಿದ ಕುಂಬಳ ಹುಡುಕಲು ಹೊರಡುತ್ತಾರೆ ಎಂದು ನಾಲ್ಕೂ ಹೆಸರನ್ನು ಬಿಡಿಸಿ ಬರೆದೆ.

ಮೂಲದಲ್ಲಿರುವ ‘ಹಾಲಿಡೇ ಸೀಸನ್’ ಎಂಬುದನ್ನು ‘ರಜೆಯ ಕಾಲ’ ಎಂದರೆ ಇಲ್ಲಿ ನೆನಪಾಗುವುದು ಏಪ್ರಿಲ್‌ನ ಬೇಸಿಗೆ. ಅಮೆರಿಕದಲ್ಲಿ ಅದು ನವೆಂಬರ್‌ನ ನಾಲ್ಕನೆಯ ಗುರುವಾರದ ಥ್ಯಾಂಕ್ಸ್‌ಗಿವಿಂಗ್‌ನಿಂದ ಹೊಸ ವರ್ಷದವರೆಗಿನ ಅವಧಿ. ‘ಹಬ್ಬದ ಸಾಲು’ ಎಂದು ಬರೆದಿದ್ದೇನೆ. ಎಳ್ಳ ಅಮಾವಾಸ್ಯೆಯೂ ಹೆಚ್ಚಾಗಿ ಡಿಸೆಂಬರ್ ಕೊನೆಗೋ ಜನವರಿಗೋ ಬೀಳುವುದರಿಂದ, ಹೊಲಕ್ಕೆ ಚರಗ ಚೆಲ್ಲಲು ಹೋಗುವವರಿಗೂ ಆ ಪದ ಸಲ್ಲುತ್ತದೆ.

ಉಳಿದದ್ದು ಆ ಕ್ರಿಯಾಪದವೊಂದೇ. ಬೀದರ್, ಯಾದಗಿರಿ ಕಡೆಯ ಸದಸ್ಯರಲ್ಲಿ ವಿಶೇಷ ವಿನಂತಿ: ಹಿಟ್ಟು, ತುಪ್ಪ, ಸಕ್ಕರೆ ಬೇಕರಿಗೆ ಒಯ್ದು ನಾನ್‌ಖಟಾಯಿ ಮಾಡಿಸಿಕೊಂಡು ಬರುವ ರೂಢಿ ನಿಮ್ಮಲ್ಲಿ ಇನ್ನೂ ಇದ್ದರೆ, ಹಲಗೆಯನ್ನು ಒಳಗೆ ತಳ್ಳುವಾಗ ಬೇಕರಿಯವರು ಯಾವ ಮಾತು ಬಳಸುತ್ತಾರೆ? ಮನೆಯ ಹಿರಿಯರು ಕುಂಬಳಕಾಯಿ ಗಾರಿಗೆಗೆ ‘ಕರಿ’ ಎನ್ನುವಷ್ಟು ಸಲೀಸಾಗಿ ನಾನ್‌ಖಟಾಯಿಗೆ ಏನೆನ್ನುತ್ತಾರೆ? ಅಚ್ಚಿಗೆ ಹೋಗುವ ಮುನ್ನ ಒಳ್ಳೆಯ ಪದ ಸಿಗದಿದ್ದರೆ ‘ಒಲೆಪೆಟ್ಟಿಗೆಯಲ್ಲಿಟ್ಟು ಹದವಾಗಿ ಸುಡಿ’ ಎಂದೇ ಬರೆಯುವವನಿದ್ದೇನೆ. ‘ಹದವಾಗಿ’ ಎಂಬುದು ಅಕ್ಕೋರ ಷರತ್ತು.