ಮರು: ಪಾರ್ಕಿನ ಬೋರ್ಡಿಗೆ ಪದ ಬೇಕು, ನಾಳೆಯೊಳಗೆ

ಮೇಡಂ, ದಾವಣಗೆರೆಯ ನಿಮ್ಮ ಪಾರ್ಕಿನಲ್ಲಿ ಮಳೆನೀರು ಇಂಗಿಸಲು ಮಾಡಿಸುತ್ತಿರುವ ತಗ್ಗಿನ ತೋಟಕ್ಕೆ, ಅಂದರೆ "ರೇನ್ ಗಾರ್ಡನ್"ಗೆ, ಕನ್ನಡ ಹೆಸರು ಕೇಳಿದ್ದೀರಿ. "ಇಂಗುದೋಟ" ಅಂತ ಬರೆಸಿ. ಕೆಳಗೆ ಸಣ್ಣ ಅಕ್ಷರದಲ್ಲಿ "ಮಳೆನೀರು ಇಲ್ಲಿ ನೆಲಕ್ಕೆ ಇಳಿಯುತ್ತದೆ, ಮಣ್ಣು ತುಂಬಬೇಡಿ" ಅಂತ ಒಂದು ಸಾಲು ಇರಲಿ.

ಮೇಲೆ ಯಾರೋ ಕೊಟ್ಟ "ಜೈವಿಕ ಧಾರಣಾ ಉದ್ಯಾನ" ಬೇಡವೇ ಬೇಡ. ದಾವಣಗೆರೆಯಲ್ಲಿ ಧಾರಣೆ ಅಂದರೆ ಮಾರುಕಟ್ಟೆ ಬೆಲೆ, ಅಡಿಕೆದು, ಮೆಕ್ಕೆಜೋಳದ್ದು. ಪಾರ್ಕಿಗೆ ವಾಕಿಂಗ್ ಬಂದವರು ಅದನ್ನು ಓದಿ ಏನು ತಿಳಿದುಕೊಳ್ಳಬೇಕು?

"ಮಳೆಹೊಂಡ" ಅಂದವರ ಮಾತಿಗೆ ತೂಕ ಇದೆ, ಆದರೂ ಒಪ್ಪಲಾರೆ. ನಾನು ಚಿತ್ರದುರ್ಗದವನು. ಇಲ್ಲಿ ಕೋಟೆ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಾದ ನೀರು ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ ಇಳಿಯುತ್ತದೆ. ಹೊಂಡದ ಕೆಲಸ ನೀರು ಹಿಡಿದಿಡುವುದು. ನೀವು ಮಾಡಿಸುತ್ತಿರುವುದು ಅದಲ್ಲ ಅಲ್ವಾ? ಒಂದು ಗೇಣು ತಗ್ಗು, ರಸ್ತೆ ನೀರು ಒಳಗೆ ಬರಲು ಅಂಚಿನ ಕಲ್ಲಿನಲ್ಲಿ ಸಂದು, ನೀರು ಬೀಳುವ ಕಡೆ ಮಣ್ಣು ಕೊಚ್ಚಿಹೋಗದಂತೆ ಜಲ್ಲಿ, ಒಳಗೆ ಮರಳು ಗೊಬ್ಬರ ಕಲೆಸಿದ ಮಣ್ಣು, ಬೇರು ಆಳಕ್ಕೆ ಹೋಗುವ ಗಿಡ. ಒಂದೆರಡು ದಿನದಲ್ಲಿ ನೀರು ಖಾಲಿಯಾಗಬೇಕು. ಸೊಳ್ಳೆ ಮೊಟ್ಟೆಯೊಡೆದು ಹಾರಲು ಸುಮಾರು ಒಂದು ವಾರ ಬೇಕು, ಹಾಗಾಗಿ ಆ ಭಯ ಇಲ್ಲ. ಹೊಂಡ ಅಂತ ಬರೆದರೆ ಬೇಸಿಗೆಯಲ್ಲಿ ನೀರಿಲ್ಲ ಅಂತ ದೂರು ಬರುತ್ತದೆ, ಮಳೆಗಾಲದಲ್ಲಿ ನೀರು ನಿಂತಿದೆ ಅಂತ ಯಾರೋ ಒಂದು ಟ್ರ್ಯಾಕ್ಟರ್ ಮಣ್ಣು ಸುರಿಸಿ ಹೋಗುತ್ತಾರೆ.

"ಇಂಗುತೋಟ" ಸರಿ ಅನ್ನುವವರು ಸುಡುಗಾಡು (ಸುಡು + ಕಾಡು), ಹಾಸುಗಲ್ಲು (ಹಾಸು + ಕಲ್ಲು), ಹೂದೋಟ (ಹೂ + ತೋಟ) ನೋಡಲಿ. ಅದಕ್ಕಿಂತ ಜಾಸ್ತಿ ಹೇಳುವುದಿಲ್ಲ. ಅಡುಗೆ ಇಂಗು ನೆನಪಾಗುತ್ತದೆ ಅನ್ನುವ ತಕರಾರನ್ನೂ ಬಿಡಿ. ಇಂಗುಗುಂಡಿ ತೋಡಿಸಿದ ಯಾವ ರೈತನಿಗೂ ಒಗ್ಗರಣೆ ನೆನಪಾಗಿಲ್ಲ.

ಇನ್ನು ಬೇರೆ ಭಾಷೆಯ ಮಾತೇ ಬೇಡ ಅನ್ನುವ ಪೈಕಿ ನಾನಲ್ಲ. ಪಾರ್ಕ್, ಪೈಪ್, ಬೋರ್ಡ್ ಎಲ್ಲ ಇರಲಿ, ಜನ ಆಡುತ್ತಾರೆ. ಪೈಪಿಗೆ "ನಳಿಕೆ" ಹಾಕಿ ಅಂದವರಿಗೆ ನನ್ನ ಬೆಂಬಲ ಇಲ್ಲ. ಆದರೆ ಈ ಬಗೆಯ ತೋಟ 1990ರ ದಶಕದಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ ಶುರುವಾಯಿತು, ಆದ್ದರಿಂದ "ರೇನ್ ಗಾರ್ಡನ್" ಅಂತಲೇ ಇರಲಿ ಅನ್ನುವುದು ಸೋಮಾರಿತನ. ನೀರು ಇಂಗುವುದನ್ನು ಹೇಳಲು ನಮ್ಮಲ್ಲಿ ಮಾತಿಲ್ಲವಾ?

ಪಕ್ಕದ ಹುಲ್ಲು ಬೆಳೆಸಿದ ಉದ್ದನೆ ತಗ್ಗಿಗೆ "ಹುಲ್ಲುಗಾಲುವೆ" ಸಾಕು, ಸಂದಿನಲ್ಲಿ ನೀರು ಬಿಡುವ ನೆಲಹಾಸಿಗೆ "ನೀರಿಳಿಯುವ ಹಾಸು". ನಿಮ್ಮದು ಎರೆಮಣ್ಣಾದರೆ ತಳದಲ್ಲಿ ತೂತಿನ ಪೈಪ್ ಹಾಕಿದ್ದಾರಾ ಅಂತ ಬೋರ್ಡು ನೆಡುವ ಮುಂಚೆ ಎಂಜಿನಿಯರನ್ನು ಕೇಳಿ. ಅದಿಲ್ಲದೆ ಆ ಮಣ್ಣಿನಲ್ಲಿ ನೀರು ಬೇಗ ಇಳಿಯುವುದಿಲ್ಲ.