ಸಹಾಯ ಬೇಕು: ಮನೆಯಲ್ಲಿ ಮಾತು ಕೇಳುವ ನಾಯಿ ಬೀದಿಯಲ್ಲಿ ಕೇಳುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಬಸವನಗುಡಿಯಲ್ಲಿದ್ದೇವೆ. ನಮ್ಮ ಕೆಂಚನಿಗೆ 2 ವರ್ಷ, ನಾಡು ತಳಿ. ಮೊಸರನ್ನದ ತಟ್ಟೆ ಮುಂದಿಟ್ಟು ‘ತಾಳು’ ಅಂದರೆ ಸಾಕು, ಜೊಲ್ಲು ಸುರಿಯುತ್ತಿದ್ದರೂ ‘ತಿನ್ನು’ ಅನ್ನುವವರೆಗೆ ಮುಟ್ಟುವುದಿಲ್ಲ.

ಬೀದಿಗೆ ಹೋದರೆ ಎಲ್ಲ ಮರೆತುಬಿಡುತ್ತಾನೆ. ಬೇಕರಿ ಮುಂದೆ ಬಿದ್ದ ಬನ್ನಿನ ಚೂರು, ಕಸದ ಚೀಲದಿಂದ ಜಾರಿದ ಕೋಳಿ ಮೂಳೆ ಕಂಡರೆ ನನ್ನ ಮಾತು ಅವನ ಕಿವಿಗೇ ಬೀಳುವುದಿಲ್ಲ. ಹೋದ ವಾರ ಒಂದು ಮೂಳೆ ನುಂಗಿಯೇಬಿಟ್ಟ. ಬೆಂದ ಮೂಳೆ ಚೂಪಾಗಿ ಒಡೆದು ಗಂಟಲಿಗೆ, ಕರುಳಿಗೆ ಚುಚ್ಚಬಹುದು. ಎರಡು ರಾತ್ರಿ ನಿದ್ದೆಯಿಲ್ಲದೆ ಅವನ ಪಕ್ಕದಲ್ಲೇ ಕೂತಿದ್ದೆವು. ಪುಣ್ಯಕ್ಕೆ ಏನೂ ಆಗಲಿಲ್ಲ. ದ್ರಾಕ್ಷಿ, ಚಾಕೊಲೇಟ್ ಕೂಡ ನಾಯಿಗೆ ವಿಷ ಅಲ್ವಾ? ಹಬ್ಬದ ದಿನ ಪಾಯಸದ ಒಣದ್ರಾಕ್ಷಿ ನೆಲಕ್ಕೆ ಬಿದ್ದರೂ ಈಗ ಭಯ.

ಮುಷ್ಟಿಯಲ್ಲಿ ತಿಂಡಿ ಹಿಡಿದು ‘ಬಿಡು’ ಅನ್ನುತ್ತೇನೆ. ಅವನು ಮೂತಿ ಹಿಂದಕ್ಕೆ ತೆಗೆದ ತಕ್ಷಣ ಇನ್ನೊಂದು ಕೈಯಿಂದ ಅದಕ್ಕಿಂತ ರುಚಿಯಾದದ್ದು ಕೊಡುತ್ತೇನೆ. ಹಾಲ್‌ನಲ್ಲಿ, ಟೆರೇಸಿನಲ್ಲಿ ಚೆನ್ನಾಗಿ ಕಲಿತಿದ್ದಾನೆ. ಬೀದಿಯಲ್ಲಿ ಮಾತ್ರ ಆಗುತ್ತಿಲ್ಲ. ಬಾಯಿಗೆ ಕೈ ಹಾಕಿದರೆ ಇನ್ನೂ ಬೇಗ ನುಂಗುತ್ತಾನೆ, ಹಾಗಾಗಿ ಅದನ್ನು ಬಿಟ್ಟಿದ್ದೇನೆ. ಹೊಡೆಯಿರಿ ಅನ್ನುವ ಸಲಹೆ ದಯವಿಟ್ಟು ಬೇಡ.

ನಿಮ್ಮ ನಾಯಿಗೆ ಬೀದಿಯಲ್ಲೂ ಇದನ್ನು ಹೇಗೆ ಕಲಿಸಿದಿರಿ? ಎಷ್ಟು ದಿನ ಹಿಡಿಯಿತು? ಬುಟ್ಟಿಯಂಥ ಬಾಯಿಕುಕ್ಕೆ ಅಭ್ಯಾಸ ಮಾಡಿಸಿದವರು ಇದ್ದೀರಾ? ಜಯನಗರ, ಬಸವನಗುಡಿ ಸುತ್ತ ಬೀದಿಯಲ್ಲೇ ಕಲಿಸುವ, ಹೊಡೆಯದ ತರಬೇತುದಾರರು ಗೊತ್ತಿದ್ದರೆ ದಯವಿಟ್ಟು ತಿಳಿಸಿ.